ರುಕ್ಮಿಣಿಬಾಯಿಯ ವಿದ್ಯಾರ್ಥಿ ವೀಸಾ

ಬಸವಕಲ್ಯಾಣದ ಬಸ್ ನಿಲ್ದಾಣದ ಎದುರಿಗೆ ಬೀಜ, ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದ ಮಹಾರುದ್ರಪ್ಪನಿಗೆ ಗೊತ್ತಿಲ್ಲದ ಸಂಗತಿ ಲೋಕದಲ್ಲಿ ಯಾವುದೂ ಇರಲಿಲ್ಲ. ಇದ್ದರೂ ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ತೊಗರಿಗೆ ಹುಳ ಬಿದ್ದರೂ, ಪಹಣಿಯಲ್ಲಿ ತಪ್ಪಾದರೂ, ಮಂಠಾಳದ ಯಾರದೋ ಸೊಸೆ ತವರಿನಿಂದ ಬರದೆ ಕುಳಿತರೂ ಜನ ಅವನ ಅಂಗಡಿಯ ಬೆಂಚಿಗೆ ಬರುತ್ತಿದ್ದರು. ಅವನು ಎಲ್ಲ ಕೇಳಿ, ಎರಡು ಸಲ ತಲೆಯಾಡಿಸಿ, "ಅದೇನ ದೊಡ್ಡ ಮಾತಲ್ಲ ಬಿಡ್ರಿ" ಎನ್ನುತ್ತಿದ್ದ. ಕೆಲಸ ಆಗುತ್ತಿತ್ತೋ ಇಲ್ಲವೋ, ಕೇಳಿದವರಿಗೆ ಸಮಾಧಾನವಂತೂ ಆಗುತ್ತಿತ್ತು.

ಇದೇ ಮಾತು 2004ನೇ ಇಸವಿಯ ಜುಲೈ ತಿಂಗಳಲ್ಲಿ ಅವನನ್ನು ಸಿಕ್ಕಿಸಿ ಹಾಕಿತು.

ಅವನ ಹೆಂಡತಿ ರುಕ್ಮಿಣಿಬಾಯಿ ಆ ವರ್ಷ ಬೇಸಗೆಯಲ್ಲಿ ನ್ಯೂಜಿಲೆಂಡಿಗೆ ಹೋಗಿದ್ದಳು. ಮಗಳು ದೀಪಾಲಿ ಅಲ್ಲಿನ ಆಸ್ಪತ್ರೆಯಲ್ಲಿ ನರ್ಸು. ಅವಳ ಬಾಣಂತನ ಮಾಡಲು ಟೂರಿಸ್ಟ್ ವೀಸಾದ ಮೇಲೆ ಹೋದವಳು ಆಗಸ್ಟ್ ಹತ್ತರೊಳಗೆ ಹಿಂತಿರುಗಬೇಕಿತ್ತು. ನ್ಯೂಜಿಲೆಂಡ್ ಎಲ್ಲಿದೆ ಎಂದು ಕೇಳಿದವರಿಗೆ ಮಹಾರುದ್ರಪ್ಪ "ಮುಂಬೈ ದಾಟಿ" ಎಂದು ಹೇಳುತ್ತಿದ್ದ.

ವಾರಕ್ಕೊಮ್ಮೆ ಪಕ್ಕದ ಅಬ್ದುಲ್ ಕರೀಮನ ಎಸ್‌ಟಿಡಿ ಅಂಗಡಿಗೆ ಫೋನು ಬರುತ್ತಿತ್ತು. ಅಲ್ಲಿ ಮಾತಾಡಲು ಗಾಜಿನ ಕೋಣೆಯೊಂದು ಇತ್ತು, ಆದರೆ ಅದರ ಬಾಗಿಲು ಮುಚ್ಚುತ್ತಿರಲಿಲ್ಲ. ಒಳಗಿನ ಮಾತು, ಫೋನಿನ ಆಚೆಯ ದನಿಯೂ ಸೇರಿ, ಝೆರಾಕ್ಸ್ ಮಾಡಿಸಲು ಬಂದವರಿಗೂ, ಬಸ್ಸಿಗೆ ಕಾಯುವವರಿಗೂ ಸಮನಾಗಿ ಸಿಗುತ್ತಿತ್ತು. ಆ ದಿನ ಹುಲಸೂರಿನ ಇಬ್ಬರು ರೈತರು ಬೆಂಚಿನ ಮೇಲೆ ಕೂತಿದ್ದರು.

"ಅಪ್ಪಾ, ಅವ್ವನ ಟೂರಿಸ್ಟ್ ವೀಸಾ ತಗದು ಸ್ಟೂಡೆಂಟ್ ವೀಸಾ ಮಾಡಸಬೇಕಂತ ಮಾಡೀವಿ," ಎಂದಳು ದೀಪಾಲಿ. "ಇಲ್ಲಿ ಇದ್ದಕೋತನೇ ಬದಲ ಮಾಡಿಕೊಡ್ತಾರ. ನೀವು ಹೂಂ ಅಂದ್ರ ಅರ್ಜಿ ಹಾಕತೀವಿ."

ಮಹಾರುದ್ರಪ್ಪನಿಗೆ ಇದು ರೈಲಿನಲ್ಲಿ ಮೇಲಿನ ಸೀಟು ಬಿಟ್ಟು ಕೆಳಗಿನ ಸೀಟು ಹಿಡಿಯುವಂಥ ಸಂಗತಿ ಎನಿಸಿತು. ಹುಲಸೂರಿನವರು ಕೇಳುತ್ತಿದ್ದರು. ಏನು, ಎತ್ತ ಎಂದು ವಿಚಾರಿಸುವುದು ಅವನ ಪದವಿಗೆ ಒಪ್ಪುವಂತಿರಲಿಲ್ಲ.

"ಅದೇನ ದೊಡ್ಡ ಮಾತಲ್ಲ. ಹಾಕ್ರಿ," ಎಂದ.

"ಅವ್ವ ಮೆಟ್ರಿಕ್ ಪಾಸಾದ ಸರ್ಟಿಫಿಕೇಟ್ ಬೇಕಾಗತದ. ಹುಮನಾಬಾದ ಸಾಲ್ಯಾಗೇ ಬಿದ್ದದಂತ, ತಗೊಂಡೇ ಇಲ್ಲಂತ. ಹತ್ತನೇ ತಾರೀಖಿನೊಳಗ ಇಲ್ಲಿ ಮುಟ್ಟಬೇಕು ಮತ್ತ."

"ಮುಟ್ಟತದ."

ಫೋನು ಇಟ್ಟು ಹೊರಗೆ ಬಂದಾಗ ಅಬ್ದುಲ್ ಕರೀಮ ಎದ್ದು ನಿಂತು ಕೈಕುಲುಕಿದ. "ಭಾಳ ದೊಡ್ಡ ದಿಲ್ ನಿಮ್ದು ಸಾವಕಾರ. ಬೇರೆಯವರಾಗಿದ್ರ ಹೆಂಡ್ತಿನ್ನ ಒಂದು ವರ್ಷ ಬಿಟ್ಟು ಇರತಿದ್ದಿಲ್ಲ."

"ಯಾವ ಒಂದು ವರ್ಷ?"

"ಸ್ಟೂಡೆಂಟ್ ಅಂದ್ರ ಓದೋರು. ಓದೋರು ಪರೀಕ್ಷಾ ಮುಗಿಸದ ಹ್ಯಾಂಗ ಬರ್ತಾರ್ರಿ?"

ಮಹಾರುದ್ರಪ್ಪ ಮತ್ತೆ ಗಾಜಿನ ಕೋಣೆಯೊಳಗೆ ಹೋಗಿ ತಾನೇ ನಂಬರು ಒತ್ತಿದ. ಈ ಸಲ ರುಕ್ಮಿಣಿಬಾಯಿಯೇ ಎತ್ತಿಕೊಂಡಳು.

"ನಲವತ್ತೇಳು ವರ್ಷಕ್ಕ ಏನ ಓದತಿ?"

"ಸಣ್ಣ ಮಕ್ಕಳಿಗೆ ಕಲಸೋದು. ಒಂದು ವರ್ಷದ್ದದ. ನನಗಿಂತ ದೊಡ್ಡಾಕಿ ಒಬ್ಬಾಕಿ ಅದಾಳ, ಪಾಪ, ಆಕಿಗೆ ಮಣಕಾಲು ಬ್ಯಾನಿ."

"ಈಗ್ಯಾಕ ಇದೆಲ್ಲ?"

"ಲಗ್ನದಾಗ ನಿಮ್ಮ ಕಾಕಾ, ಹುಡುಗಿ ಮೆಟ್ರಿಕ್ ಪಾಸಾಗ್ಯಾಳ, ಮುಂದ ಓದಸ್ತೀವಿ ಅಂದಿದ್ರು. ಮುಂದ ಅಂದ್ರ ಎಷ್ಟು ಮುಂದ ಅಂತ ನಮ್ಮಪ್ಪ ಕೇಳಲಿಲ್ಲ." ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ, ಸಂತೆಯಿಂದ ಏನೇನು ತರಬೇಕು ಎಂದು ಹೇಳುವಾಗಿನ ದನಿಯೇ ಇತ್ತು. "ನಿಮಗ ಬ್ಯಾಡ ಅನಸಿದ್ರ ಬ್ಯಾಡ ಅನ್ರಿ. ಕಾಗದ ಬರಲಿಲ್ಲಂದ್ರ ಹತ್ತಕ್ಕ ವಿಮಾನ ಹತ್ತತೀನಿ."

ಹುಲಸೂರಿನ ರೈತರು ಮಾಡಿನ ತೊಲೆ ಎಣಿಸುತ್ತಿದ್ದರು. ಅವರ ಬಸ್ಸು ಬಂದು ಹೋಗಿತ್ತು.

"ಬ್ಯಾಡ ಅಂತ ಯಾರ ಅಂದ್ರು? ಕಾಗದ ತರತೀನಿ," ಎಂದ ಮಹಾರುದ್ರಪ್ಪ.

ಮರುದಿನ ಅಂಗಡಿಯಲ್ಲಿ ಬಿತ್ತನೆ ಬೀಜದ ಗಿರಾಕಿಗಳನ್ನು ಬಿಟ್ಟು ಅವನು ಹುಮನಾಬಾದಿನ ಬಸ್ಸು ಹತ್ತಿದ. ಶಾಲೆಯ ಗುಮಾಸ್ತ ಅಮೋಘಸಿದ್ದಪ್ಪ ಸಾವಧಾನದ ಮನುಷ್ಯ. ಕನ್ನಡಕವನ್ನು ದಾರದಿಂದ ಕಿವಿಗೆ ಕಟ್ಟಿಕೊಂಡು, 1974ನೇ ಸಾಲಿನ ರಿಜಿಸ್ಟರ್ ಇಳಿಸಿ, ಧೂಳು ಒರೆಸಿ, ಒಂದೊಂದು ಸಾಲಿಗೂ ಬೆರಳಿಟ್ಟು ಓದಿದ.

"ರುಕ್ಮಿಣಿಬಾಯಿ ಅನ್ನೋರು ಇಲ್ಲರಿ."

"ಬರೋಬ್ಬರಿ ನೋಡ್ರಿ. ಪಾಟೀಲ ಬಸವಣಪ್ಪನವರ ಮಗಳು."

"ಎರಡು ಸಲ ನೋಡಿದೆ. ಹದಿನಾಲ್ಕು ಮಂದಿ ಹುಡುಗ್ಯಾರು ಅದಾರ. ಒಬ್ಬಾಕಿನೂ ರುಕ್ಮಿಣಿ ಇಲ್ಲ."

ಆಗ ಮಹಾರುದ್ರಪ್ಪನಿಗೆ ಅಕ್ಕಿಯ ತಾಟು ನೆನಪಾಯಿತು.

ನಮ್ಮ ಕಡೆಯ ಅನೇಕ ಮನೆಗಳಲ್ಲಿ ಲಗ್ನದ ದಿನ ಹುಡುಗಿಯ ಹೆಸರು ಬದಲಿಸುವ ರೂಢಿ ಇದೆ. ತಾಟಿನಲ್ಲಿ ಅಕ್ಕಿ ಹರಡಿ, ಮದುಮಗ ಉಂಗುರದಿಂದ ಅದರ ಮೇಲೆ ಹೊಸ ಹೆಸರು ಬರೆಯುತ್ತಾನೆ. ಹಿರಿಯರು ಓದಿ ಸೈ ಎನ್ನುತ್ತಾರೆ. ಆಮೇಲೆ ಅಕ್ಕಿ ಅಡುಗೆಮನೆಗೆ ಹೋಗುತ್ತದೆ, ಹಳೆಯ ಹೆಸರು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ವಿಚಾರಿಸುವುದಿಲ್ಲ. ರುಕ್ಮಿಣಿ ಎನ್ನುವುದು ಮಹಾರುದ್ರಪ್ಪನ ಅಜ್ಜಿಯ ಹೆಸರು. ಅದನ್ನು ಅವನೇ ಬರೆದಿದ್ದ, ಅಕ್ಷರ ಚೆನ್ನಾಗಿ ಬಂದಿದೆ ಎಂದು ಹೊಗಳಿಸಿಕೊಂಡೂ ಇದ್ದ. ಅದಕ್ಕೆ ಮೊದಲು ಅವಳ ಹೆಸರು ಏನೋ ಇತ್ತು. ಲಗ್ನಪತ್ರಿಕೆಯಲ್ಲಿ ಒಂದು ಸಲ ಓದಿದ್ದ.

"ಹುಡುಗ್ಯಾರ ಹೆಸರು ಓದ್ರಿ," ಎಂದ. "ಕೇಳಿದ್ರ ಗೊತ್ತಾಗತದ."

"ನಿಮ್ಮ ಹೆಂಡ್ತಿ ಹೆಸರು ನಿಮಗ ಗೊತ್ತಿಲ್ಲೇನ್ರಿ?"

"ಗೊತ್ತದ. ನಿಮ್ಮ ರಿಜಿಸ್ಟರಿಗೆ ಗೊತ್ತಿಲ್ಲ."

ಅಮೋಘಸಿದ್ದಪ್ಪ ಓದಿದ. ಹದಿನಾಲ್ವರಲ್ಲಿ ಐವರ ತಂದೆಯ ಹೆಸರು ಬಸವಣಪ್ಪ. ಕಲ್ಯಾಣದ ಆಸುಪಾಸಿನಲ್ಲಿ ಇದು ಕಡಿಮೆಯೇ ಎನ್ನಬೇಕು. ಐವರಲ್ಲಿ ಮೂವರು ಪಾಟೀಲರು. ಕಸ್ತೂರಿ, ಶಕುಂತಲಾ, ಇಂದುಮತಿ. ಹುಟ್ಟಿದ ತಾರೀಖು ನೋಡೋಣವೆಂದರೆ ಆ ಕಾಲದ ಹೆಡ್‌ಮಾಸ್ತರರು ಕೇಳುವ ಗೋಜಿಗೆ ಹೋಗದೆ ಮೂವರಿಗೂ ಜೂನ್ ಒಂದನ್ನೇ ಬರೆದುಬಿಟ್ಟಿದ್ದರು. ಮಹಾರುದ್ರಪ್ಪ ಕಣ್ಣು ಮುಚ್ಚಿ ಮೂರು ಹೆಸರನ್ನೂ ಕೇಳಿದ. ಮೂರೂ ಒಳ್ಳೆಯ ಹೆಸರುಗಳೇ.

ಅವನು ಮೂವತ್ತು ವರ್ಷ ವ್ಯಾಪಾರ ಮಾಡಿದವನು. ಯಾವ ಬೀಜ ಎಂದು ಗೊತ್ತಾಗದ ರೈತನಿಗೆ ಮೂರೂ ಪುಡಿಕೆ ಕಟ್ಟಿಕೊಟ್ಟು, ಮನೆಯಲ್ಲಿ ನೋಡಿ ಬೇಡದ್ದು ತಿರುಗಿ ತಂದುಕೊಡು ಎನ್ನುವುದು ಅವನ ಅಂಗಡಿಯ ಪದ್ಧತಿ.

"ಒಂದ ಕೆಲಸ ಮಾಡ್ರಿ," ಎಂದ. "ಮೂರೂ ಸರ್ಟಿಫಿಕೇಟ್ ಕೊಡ್ರಿ. ಮನಿಗೆ ಒಯ್ದು ನೋಡಿ, ನಮ್ಮದು ಇಟ್ಟಕೊಂಡು ಎರಡು ತಿರುಗಿ ತಂದ ಕೊಡ್ತೀನಿ."

ಅಮೋಘಸಿದ್ದಪ್ಪ ಕನ್ನಡಕದ ದಾರ ಬಿಚ್ಚಿದ. ರಿಜಿಸ್ಟರ್ ಮುಚ್ಚಿದ. ಅದರ ಮೇಲೆ ಎರಡೂ ಮೊಣಕೈ ಊರಿ ಕೂತ.

"ಇವು ಹೆಣ್ಣಮಕ್ಕಳ ಕಾಗದ ಅವ, ಸಾವಕಾರ್ರೆ. ಸೀರಿ ಅಲ್ಲ."

ಹೊರಗೆ ಬಂದ ಮಹಾರುದ್ರಪ್ಪ ಹುಮನಾಬಾದಿನ ಒಂದು ಎಸ್‌ಟಿಡಿ ಅಂಗಡಿಗೆ ಹೋಗಿ ರಿಸೀವರ್ ಎತ್ತಿದ. ಹಿಂದೆ ನಾಲ್ಕು ಜನ ನಿಂತಿದ್ದರು. ಮೂವತ್ತು ವರ್ಷ ಸಂಸಾರ ಮಾಡಿದ ಹೆಂಡತಿಯನ್ನು ಸಮುದ್ರದ ಆಚೆಯಿಂದ ಕರೆದು, ನಿನ್ನ ಹೆಸರೇನು ಎಂದು ಕೇಳುವ ಧೈರ್ಯ ಎಲ್ಲ ಗಂಡಸರಿಗೂ ಇರುವುದಿಲ್ಲ. ಅವನು ರಿಸೀವರನ್ನು ಇಟ್ಟು, ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿ, ಬಸ್ಸು ಹಿಡಿದು ಊರಿಗೆ ಬಂದ.

ಇಷ್ಟಕ್ಕೇ ನಿಂತಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಅಮೋಘಸಿದ್ದಪ್ಪನೂ ದಿನಕ್ಕೆರಡು ಸಲ ಚಹಾ ಕುಡಿಯುವವನು. ಬೆಳಗಿನ ಚಹಾಕ್ಕೆ, ಕಲ್ಯಾಣದವನೊಬ್ಬ ಬಂದು ಮೂವರು ಹೆಣ್ಣುಮಕ್ಕಳ ಕಾಗದ ಕೇಳಿದ ಎಂಬಷ್ಟೇ ಸುದ್ದಿ ಇತ್ತು. ಸಂಜೆಯ ಚಹಾದ ಹೊತ್ತಿಗೆ ಅವನ ಹೆಂಡತಿ ಪರದೇಶದಲ್ಲಿದ್ದಾಳೆ ಎಂಬುದೂ ಸೇರಿತು. ಮೂವರಲ್ಲಿ ಒಬ್ಬಳಾದ ಶಕುಂತಲಾ ಹಳ್ಳಿಖೇಡದಲ್ಲಿ ಇದ್ದಳು. ಅವಳ ಗಂಡ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ತೂಗುವವನು. ಅವನಿಗೆ ಸುದ್ದಿ ತಲುಪುವಾಗ ಮಹಾರುದ್ರಪ್ಪ ಅವಳನ್ನು ಲಗ್ನವಾಗಲು ಕಾಗದ ಜೋಡಿಸುತ್ತಿದ್ದ.

ಐದನೆಯ ದಿನ ಅಂಗಡಿಯ ಮುಂದೆ ಜೀಪೊಂದು ನಿಂತಿತು. ಇಳಿದವನು ರುಕ್ಮಿಣಿಬಾಯಿಯ ತಮ್ಮ ತುಳಜಾರಾಮ. ಹೆಚ್ಚು ಮಾತಾಡುವವನಲ್ಲ. ಬೆಂಚಿನ ಮೇಲೆ ಕೂತು, ಕೊಟ್ಟ ನೀರು ಕುಡಿಯದೆ, ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ. ಪಕ್ಕದ ಮನೆಯ ದ್ರೌಪತಿ ಮೆಂತ್ಯದ ಬೀಜ ಕೊಳ್ಳಲು ಬಂದವಳು ಪುಡಿಕೆ ಕಟ್ಟಿಸಿಕೊಂಡ ಮೇಲೂ ಹೋಗಲಿಲ್ಲ. ಅಬ್ದುಲ್ ಕರೀಮ ತನ್ನ ಅಂಗಡಿಯ ಕುರ್ಚಿಯನ್ನು ಎತ್ತಿ ಈ ಅಂಗಡಿಯ ಕಡೆಗೆ ಹಾಕಿಕೊಂಡ.

"ಮಾವಾ," ಎಂದ ತುಳಜಾರಾಮ, "ಹಳ್ಳಿಖೇಡದ ಶಕುಂತಲಾಬಾಯಿಗೆ ನಾಲ್ಕು ಮೊಮ್ಮಕ್ಕಳು. ಗೊತ್ತದೇನು?"

"ಚೊಲೋ ಆತು," ಎಂದ ಮಹಾರುದ್ರಪ್ಪ.

"ಇಂದುಮತಿ ತೀರಿಕೊಂಡು ಆರು ವರ್ಷ ಆತು."

"ಪಾಪ."

"ಅವರ ಕಾಗದ ನಿಮಗ್ಯಾಕ ಬೇಕಾದ್ವು? ಅಕ್ಕ ಹೋಗಿ ನಾಲ್ಕು ತಿಂಗಳ ಆಗಿಲ್ಲ."

ದ್ರೌಪತಿ ಮೆಂತ್ಯದ ಪುಡಿಕೆಯನ್ನು ಎದೆಗೆ ಒತ್ತಿ ಹಿಡಿದಳು. ಅಬ್ದುಲ್ ಕರೀಮ "ತೋಬಾ" ಎಂದು ಮೆಲ್ಲಗೆ ಅಂದ.

ಬೇರೆ ದಾರಿ ಇರಲಿಲ್ಲ. ಮಹಾರುದ್ರಪ್ಪ ವೀಸಾದಿಂದ ಹಿಡಿದು ರಿಜಿಸ್ಟರಿನವರೆಗೆ ಎಲ್ಲ ಹೇಳಿದ. ಕೊನೆಯ ಮಾತನ್ನು ಮಾತ್ರ ತಕ್ಕಡಿಯ ಕಡೆ ನೋಡುತ್ತ ಹೇಳಿದ: ಆ ಮೂವರಲ್ಲಿ ತನ್ನವಳು ಯಾರೆಂದು ತನಗೆ ನೆನಪಿಲ್ಲ. ಒಬ್ಬಳಂತೂ ಅಲ್ಲ, ಅವಳಿಗೆ ನಾಲ್ಕು ಮೊಮ್ಮಕ್ಕಳು, ಇನ್ನೊಬ್ಬಳೂ ಅಲ್ಲ...

"ನಿಂದರ್ರಿ," ಎಂದು ತುಳಜಾರಾಮ ಕೈ ಎತ್ತಿದ. "ಬ್ಯಾರೆಯವರನ್ನ ಕಳದು ಉಳದಾಕಿ ನನ್ನ ಹೆಂಡ್ತಿ ಅಂತ ಲೆಕ್ಕಾ ಹಾಕತೀರೇನು?"

ಎರಡನ್ನು ಕಳೆದರೆ ಒಂದು ಉಳಿಯುತ್ತದೆ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆದರೆ ತುಳಜಾರಾಮನ ಮುಖ ನೋಡಿ ಯಾರೂ ಕಳೆಯುವ ಸಾಹಸ ಮಾಡಲಿಲ್ಲ.

"ಹೀಂಗ ಸಿಕ್ಕ ಹೆಸರು ತಗೊಂಡು ಸಾಲಿಗೆ ಹೋದ್ರ ಗುಮಾಸ್ತ ಕೊಡೂದಿಲ್ಲ. ರಿಜಿಸ್ಟರಿನಾಗಿನ ಆಕಿನೇ ಈಕಿ ಅಂತ ತಹಸೀಲದಾಗ ಸಾಬೀತ ಮಾಡರಿ, ಆಮ್ಯಾಲ ಬರ್ರಿ ಅಂದಾನ. ನಾನೂ ಅದನ್ನೇ ಅಂತೀನಿ." ಅವನು ಟೊಪ್ಪಿಗೆ ಇಟ್ಟುಕೊಂಡು ಎದ್ದ. "ಆಕಿನ್ನ ಬರಿಗೈಲೆ ಕಳಿಸಿಲ್ಲ ನಾವು. ಹೆಸರು ಕೊಟ್ಟೇ ಕಳಿಸೀವಿ. ನಿಮ್ಮ ಮನ್ಯಾಗೇ ಅದ. ಹುಡುಕ್ರಿ. ಸಿಕ್ಕ ದಿನ ಕರೀರಿ, ಸಾಕ್ಷಿ ಸಹಿ ಹಾಕತೀನಿ."

ಜೀಪು ಹೋಯಿತು. ಮಹಾರುದ್ರಪ್ಪ ಅಂಗಡಿಯ ಅರ್ಧ ಬಾಗಿಲು ಎಳೆದು ಮನೆಗೆ ನಡೆದ. ಟ್ರಂಕು ತೆಗೆದ, ದೇವರ ಗೂಡು ನೋಡಿದ, ಪಟಗಳನ್ನು ಇಳಿಸಿ ಹಿಂಬದಿ ತಿರುವಿದ. ಎರಡು ದಿನ ಮನೆಯಲ್ಲಿ ಧೂಳು ಏಳುತ್ತಿತ್ತು. ಮೂರನೆಯ ದಿನ ದ್ರೌಪತಿಗೆ ತಡೆಯಲಾಗಲಿಲ್ಲ. ಹಿತ್ತಲ ಗೋಡೆಯ ಮೇಲಿಂದ ತನ್ನ ಮನೆಯ ಒಂದು ಹಿತ್ತಾಳೆ ತಂಬಿಗೆಯನ್ನು ತೋರಿಸಿದಳು.

"ಇಲ್ಲಿ ನೋಡ್ರಿ ಅಣ್ಣಾರ. ತವರಮನಿ ಪಾತ್ರಿ ಮ್ಯಾಲ ಹೆಸರು ಕೆತ್ತಿಸಿ ಕೊಡ್ತಾರ. ಹೆಣ್ಣಮಕ್ಕಳಿಗೆಲ್ಲ ಗೊತ್ತಿರತದ ಇದು. ಗಂಡಸರು ಬರೇ ನೀರು ಕುಡೀತೀರಿ."

ಮಹಾರುದ್ರಪ್ಪ ಅಡುಗೆಮನೆಗೆ ಹೋದ. ಎಲ್ಲ ಸ್ಟೀಲು. ಹಿತ್ತಾಳೆಯದೆಲ್ಲ ದೀಪಾಲಿಯ ಲಗ್ನದ ಕಾಲಕ್ಕೆ ಬದಲಾಗಿತ್ತು.

"ಒಂದೂ ಇಲ್ಲ," ಎಂದ ಹೊರಗೆ ಬಂದು.

"ಹೋಗಲಿ ಬಿಡ್ರಿ," ಎಂದಳು ದ್ರೌಪತಿ. "ಹೆಸರು ಸಿಗಲಿಲ್ಲಂದ್ರ ಏನಾತು? ವೈನಿಯವರು ಹತ್ತಕ್ಕ ಬರ್ತಾರ. ನಿಮಗೂ ಖಾನಾವಳಿ ಊಟ ತಪ್ಪತದ. ಹುಡುಕಿದ್ವಿ, ಸಿಗಲಿಲ್ಲ ಅಂದ್ರ ಯಾರೇನ ಅಂತಾರ?"

ಮಹಾರುದ್ರಪ್ಪ ಹೂಂ ಎಂದ. ಸ್ನಾನ ಮಾಡಿಯಾದರೂ ಬರೋಣವೆಂದು ಬಚ್ಚಲಮನೆಗೆ ಹೋದ. ಅಲ್ಲಿ ಒಲೆಯ ಮೇಲೆ ಹಂಡೆ ಇತ್ತು.

ಅದು ಇಬ್ಬರು ಎತ್ತುವಂಥ ತಾಮ್ರದ ಹಂಡೆ. ಲಗ್ನವಾದಂದಿನಿಂದ ಅವನು ಅದರ ನೀರನ್ನೇ ಮೈಮೇಲೆ ಹೊಯ್ದುಕೊಂಡಿದ್ದ. ದೀಪಾವಳಿಗೊಮ್ಮೆ ರುಕ್ಮಿಣಿಬಾಯಿ ಅದನ್ನು ಇಳಿಸಿ ತಿಕ್ಕುತ್ತಿದ್ದಳು. ಆ ಹೊತ್ತಿಗೆ ಅವನು ಅಂಗಡಿಯ ಪೂಜೆಯಲ್ಲಿ ಇರುತ್ತಿದ್ದ. ಉಳಿದ ದಿನಗಳಲ್ಲಿ ಅದು ಕರಿಯ ಎಮ್ಮೆಯ ಹಾಗೆ ಮೂಲೆಯಲ್ಲಿ ಕೂತಿರುತ್ತಿತ್ತು. ಮಹಾರುದ್ರಪ್ಪ ಪಂಚೆ ಎತ್ತಿ ಕಟ್ಟಿ, ಹುಣಸೆಹಣ್ಣು ತಂದು, ಹಂಡೆಯ ಕೊರಳಿಗೆ ಹಚ್ಚಿ ತಿಕ್ಕಿದ. ಮೊದಲು ಕೈ ಕಪ್ಪಾಯಿತು, ಆಮೇಲೆ ಪಂಚೆ ಕಪ್ಪಾಯಿತು. ಗೋಡೆಯ ಕಡೆಗಿದ್ದ ಬದಿಯಲ್ಲಿ ಕೆಂಪು ಮೂಡಿತು. ಚುಕ್ಕೆ ಚುಕ್ಕೆಯಾಗಿ ಕೆತ್ತಿದ ಅಕ್ಷರಗಳು ಒಂದೊಂದೇ ಎದ್ದವು.

"ಚಿ. ಸೌ. ಕಸ್ತೂರಿ ಬಸವಣಪ್ಪ ಪಾಟೀಲ, ಹುಮನಾಬಾದ. ಚಿ. ಮಹಾರುದ್ರಪ್ಪ, ಕಲ್ಯಾಣ, ಇವರೊಡನೆ ಲಗ್ನದಲ್ಲಿ ತಂದೆಯಿಂದ. ತಾ. 19-5-1974."

"ಏನಾರ ಸಿಕ್ಕತೇನ್ರಿ ಅಣ್ಣಾರ?" ಎಂದು ಗೋಡೆಯ ಆಚೆಯಿಂದ ದ್ರೌಪತಿ ಕೇಳಿದಳು.

ಒಳಗಿನಿಂದ ತಣ್ಣೀರು ಹೊಯ್ದುಕೊಳ್ಳುವ ಸಪ್ಪಳ ಕೇಳಿಸಿತು. ಆಮೇಲೆ ಮಹಾರುದ್ರಪ್ಪ ಒದ್ದೆ ತಲೆಯಲ್ಲೇ ಹೊರಗೆ ಬಂದ.

"ಕೈಗಾಡಿ ಯಾರ ಕಡೆ ಅದ ನೋಡು, ತಂಗಿ," ಎಂದ. "ಹಂಡೆ ತಹಸೀಲಿಗೆ ಒಯ್ಯಬೇಕು."

ತಹಸೀಲು ಕಚೇರಿಗೆ ಆ ಹಿಂದೆ ಆಕಳು ಬಂದಿತ್ತು, ಒಮ್ಮೆ ಮಂಗ ಬಂದಿತ್ತು. ಹಂಡೆ ಬಂದದ್ದು ಅದೇ ಮೊದಲು. ಹುಮನಾಬಾದಿನಿಂದ ಬಂದಿದ್ದ ತುಳಜಾರಾಮ ಒಂದು ಕಿವಿ ಹಿಡಿದಿದ್ದ, ಮಹಾರುದ್ರಪ್ಪ ಇನ್ನೊಂದು ಕಿವಿ. ಪಹಣಿಗೆ ನಿಂತಿದ್ದ ಸಾಲು ತಾನಾಗಿಯೇ ಬದಿಗೆ ಸರಿಯಿತು. ಶಿರಸ್ತೇದಾರರು ಕುರ್ಚಿಯಿಂದ ಎದ್ದು ಬಂದು, ಹಂಡೆಯ ಸುತ್ತ ಒಂದು ಸುತ್ತು ಹಾಕಿ, ಬಗ್ಗಿ ಓದಿದರು.

"ಪುರಾವೆ ಗಟ್ಟಿ ಅದ," ಎಂದರು. "ಆದ್ರ ಇದನ್ನ ಫೈಲಿನಾಗ ಹ್ಯಾಂಗ ಹಚ್ಚೋದ್ರಿ? ಕಾಗದದ ಮ್ಯಾಲ ಬೇಕು."

ಹಂಡೆ ಅಬ್ದುಲ್ ಕರೀಮನ ಅಂಗಡಿಗೆ ಬಂತು. ಅವನು ಅದನ್ನು ಝೆರಾಕ್ಸ್ ಯಂತ್ರದ ಗಾಜಿನ ಮೇಲೆ ಮಲಗಿಸುವ ಪ್ರಯತ್ನ ಮಾಡಿದ. ಗ್ರಹಣ ಹಿಡಿದ ಚಂದ್ರನಂಥದೊಂದು ಹೊರಗೆ ಬಂತು. ಎರಡನೆಯ ಸಲ ಅದೂ ಬರಲಿಲ್ಲ. ಆಗ ಕರೀಮ ಹಣೆ ತೀಡಿಕೊಂಡು ಹೇಳಿದ:

"ಸಾವಕಾರ, ಸಣ್ಣವ ಇದ್ದಾಗ ನೋಡೀನಿ. ಪಂಡಿತರು ಬಂದು ಇಲ್ಲಿ ಹಳೇ ಕಲ್ಲಿನ ಮ್ಯಾಲ ಕಾಗದ ಹಚ್ಚಿ, ಮಸಿ ಬಡದು ಅಕ್ಷರ ಎತ್ತಿಕೊಂಡ ಹೋಗತಿದ್ರು. ರಾಜರ ಹೆಸರೇ ಹಂಗ ಎತ್ತಾಕ ಬರತದಂದ್ರ ಭಾಭಿ ಹೆಸರು ಯಾಕ ಬರಬಾರದು?"

ಹಂಡೆಯ ಕೊರಳಿಗೆ ತೆಳ್ಳನೆಯ ಕಾಗದ ಸುತ್ತಿದರು. ಕರೀಮ ಹಿಡಿದುಕೊಂಡ, ಮಹಾರುದ್ರಪ್ಪ ಸೀಸದ ಕಡ್ಡಿಯನ್ನು ಅಡ್ಡ ಮಾಡಿ ಮೆಲ್ಲಗೆ ಉಜ್ಜಿದ. ಜನ ಸುತ್ತ ನಿಂತು ಬಗ್ಗಿ ನೋಡಿದರು. ಕಪ್ಪಿನ ನಡುವೆ ಬಿಳಿಯಾಗಿ ಹೆಸರು ಎದ್ದಿತು. ಶಿರಸ್ತೇದಾರರು ಅದಕ್ಕೆ ಶಿಕ್ಕೆ ಹೊಡೆದು, "ಹಂಡೆಯನ್ನು ಖುದ್ದು ನೋಡಿದ್ದೇನೆ" ಎಂದು ಬರೆದರು. ತುಳಜಾರಾಮ ಸಾಕ್ಷಿ ಸಹಿ ಹಾಕಿದ. ಹಾಕಿದ ಮೇಲೆ ಮೊದಲ ಸಲ ನೀರು ಕೇಳಿ ಕುಡಿದ.

ಹುಮನಾಬಾದಿನಲ್ಲಿ ಅಮೋಘಸಿದ್ದಪ್ಪ ಕನ್ನಡಕದ ದಾರ ಕಟ್ಟಿಕೊಂಡು ಕಾಗದವನ್ನು ಎರಡು ಸಲ ಓದಿದ.

"ಮೂರರಾಗ ಯಾವುದು ಆತ್ರಿ?"

"ಮೊದಲನೇದು," ಎಂದ ಮಹಾರುದ್ರಪ್ಪ.

ಸರ್ಟಿಫಿಕೇಟ್ ಹಳದಿಯಾಗಿತ್ತು, ಆದರೆ ಹರಿದಿರಲಿಲ್ಲ. ಕಸ್ತೂರಿ ಬಸವಣಪ್ಪ ಪಾಟೀಲ, ಪ್ರಥಮ ದರ್ಜೆ. ಅದೇ ಪರೀಕ್ಷೆಯನ್ನು ಎರಡು ಸಲ ಬರೆದು ಮೂರನೆಯ ಸಲ ಬರೆಯದೆ ಬಿಟ್ಟಿದ್ದ ಮಹಾರುದ್ರಪ್ಪ ಅದನ್ನು ಬಸ್ಸಿನಲ್ಲಿ ಬಸವಕಲ್ಯಾಣದವರೆಗೂ ಮಡಿಚದೆ ಹಿಡಿದುಕೊಂಡು ಬಂದ. ಆಗಸ್ಟ್ ಆರರಂದು ಕರೀಮನ ಅಂಗಡಿಯಿಂದ ಎರಡು ಹಾಳೆಗಳು ಫ್ಯಾಕ್ಸ್ ಆದವು. ಅಲ್ಲಿನ ಅಧಿಕಾರಿಗಳು ಎರಡನೆಯ ಹಾಳೆ ಏನೆಂದು ಕೇಳಿದರಂತೆ. ಸ್ನಾನದ ನೀರು ಕಾಯಿಸುವ ಪಾತ್ರೆ ಎಂದು ದೀಪಾಲಿ ವಿವರಿಸಿದಳಂತೆ. ಅವರು ತಮ್ಮತಮ್ಮಲ್ಲಿ ಮಾತಾಡಿಕೊಂಡು, ಒಂಬತ್ತನೆಯ ತಾರೀಖು ವೀಸಾ ಬದಲಿಸಿ ಕೊಟ್ಟರು.

ರುಕ್ಮಿಣಿಬಾಯಿ ಬಂದದ್ದು ಮರುವರ್ಷ ಶ್ರಾವಣದಲ್ಲಿ. ದ್ರೌಪತಿಯೂ ಕರೀಮನೂ ಬಾಗಿಲಲ್ಲೇ ಕಾದಿದ್ದರು. ಅವಳು ಎಲ್ಲರನ್ನೂ ಮಾತಾಡಿಸಿ, ಚೀಲ ಇಳಿಸಿ, ನೇರ ಬಚ್ಚಲಮನೆಗೆ ಹೋದಳು.

ಹಂಡೆಯ ದಿಕ್ಕು ಬದಲಾಗಿತ್ತು. ಹೆಸರಿನ ಬದಿ ಈಗ ಹೊರಗೆ ಬಂದಿತ್ತು. ಆ ಒಂದು ಗೇಣಗಲ ಜಾಗ ಕನ್ನಡಿಯಂತೆ ಹೊಳೆಯುತ್ತಿತ್ತು. ಅದರ ಮೇಲೆ, ಕೆಳಗೆ, ಆಚೆ, ಈಚೆ ಒಂದು ವರ್ಷದ ಮಸಿ ಬೆರಳು ದಪ್ಪ ಕೂತಿತ್ತು.

ರುಕ್ಮಿಣಿಬಾಯಿ ಬಗ್ಗಿ ಓದಿದಳು. ಬೆರಳಿಂದ ಮುಟ್ಟಿ ನೋಡಿದಳು.

"ಮೂವತ್ತು ವರ್ಷ ಬೇಕಾತು ನಿಮಗ ಇದನ್ನ ಓದಾಕ."

"ಮಸಿ ಮುಚ್ಚಿತ್ತು," ಎಂದ ಮಹಾರುದ್ರಪ್ಪ.

"ಇಷ್ಟೇ ಯಾಕ ತಿಕ್ಕೀರಿ?"

"ಉಳದ ಕಡೆ ಏನೂ ಬರದಿಲ್ಲಲ್ಲ."

ಅವಳು ಒಳಗೆ ಹೋಗಿ ಹುಣಸೆಹಣ್ಣಿನ ಬಟ್ಟಲು ತಂದು ಅವನ ಮುಂದೆ ಇಟ್ಟಳು. ತಾನು ಮಣೆ ಎಳೆದುಕೊಂಡು ಕೂತಳು. ಮೂರು ವರ್ಷದ ಮಕ್ಕಳಿಗೆ ಕಲಿಸುವವರು ಮಾತಾಡುವ ಹಾಗೆ, ಮೆತ್ತಗೆ, ಒಂದೊಂದೇ ಮಾತು ಬಿಡಿಸಿ ಹೇಳಿದಳು:

"ಶಾಬಾಶ್. ಭಾಳ ಚಂದ ಮಾಡೀರಿ. ಈಗ ಉಳದದ್ದೂ ಮಾಡೋಣು."

ಮಹಾರುದ್ರಪ್ಪ ಬಾಗಿಲಲ್ಲಿ ನಿಂತವರ ಕಡೆ ಒಮ್ಮೆ ನೋಡಿದ. ಪಂಚೆ ಎತ್ತಿ ಕಟ್ಟಿದ.

"ಅದೇನ ದೊಡ್ಡ ಮಾತಲ್ಲ," ಎಂದು ಕುಕ್ಕರುಗಾಲಲ್ಲಿ ಕೂತ.

ಹಂಡೆ ಮಾತ್ರ ದೊಡ್ಡದೇ ಇತ್ತು.